ಹಳದಿ ಬಟ್ಟೆಯ ಗಂಟು

ಜಪಾನಿನ ಓಜಿಮಾದ ನಮ್ಮ ಕಟ್ಟಡದಲ್ಲಿ ಒಂದು ಪದ್ಧತಿಯಿದೆ. ಒಂಟಿಯಾಗಿರುವ ವೃದ್ಧರು ಬೆಳಿಗ್ಗೆ ಎಂಟರೊಳಗೆ ಬಾಗಿಲ ಹಿಡಿಗೆ ಹಳದಿ ಬಟ್ಟೆಯೊಂದನ್ನು ಸಿಕ್ಕಿಸುತ್ತಾರೆ. ನಾನು ಚೆನ್ನಾಗಿದ್ದೇನೆ ಎಂದು ಅದರ ಅರ್ಥ. ಸಂಜೆ ಅವರೇ ಒಳಗೆ ತೆಗೆದುಕೊಳ್ಳುತ್ತಾರೆ. ಕಟ್ಟಡದ ಸಂಘದವರು ಬೆಳಿಗ್ಗೆ ಒಂದು ಸುತ್ತು ಬಂದು ಪಟ್ಟಿಯಲ್ಲಿ ಗುರುತು ಹಾಕಿ ಹೋಗುತ್ತಾರೆ. ಯಾರಿಗೂ ಯಾರ ಕಿರಿಕಿರಿಯೂ ಇಲ್ಲ. ಮೈಸೂರಿನ ನಮ್ಮ ಬೀದಿಯಲ್ಲಾದರೆ ಯೋಗಕ್ಷೇಮ ಕೇಳಲು ಬಂದವರು ಕಾಫಿ ಕುಡಿದು, ನನ್ನ ತೂಕದ ಬಗ್ಗೆ ಎರಡು ಮಾತಾಡಿಯೇ ಏಳುತ್ತಿದ್ದರು. ಹಾಗಾಗಿ ಈ ಏರ್ಪಾಡು ನನಗೆ ಬಹಳ ಹಿಡಿಸಿತ್ತು.

ನಾನು ಮನೆಯಿಂದಲೇ ಒಂದು ಸೇವಾಸಂಸ್ಥೆಯ ಕೆಲಸ ಮಾಡುತ್ತೇನೆ. ಆಫ್ರಿಕಾದ ಮಲಾವಿ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಸಂಸ್ಥೆ ತರಬೇತಿ, ಸೈಕಲ್ಲು, ಔಷಧದ ಪೆಟ್ಟಿಗೆ ಕೊಡುತ್ತದೆ. ಅವರು ಭೇಟಿಯ ಪುಸ್ತಕದ ಫೋಟೋ ಕಳಿಸುತ್ತಾರೆ, ನಾನು ಟೈಪ್ ಮಾಡುತ್ತೇನೆ. ಅದರಲ್ಲೊಂದು ಕಾಲಂ: ಮನೆಯವರ ದನಿ ಕೇಳಿದೆಯೇ? ಒಬ್ಬ ಕಾರ್ಯಕರ್ತೆಯ ಪುಟದಲ್ಲಿ ಎಷ್ಟೋ ಸಲ ಹೀಗಿರುತ್ತಿತ್ತು: ಒಲೆಯ ಹೊಗೆ ಕಾಣಿಸಿತು, ದನಿ ಕೇಳಲಿಲ್ಲ, ಮತ್ತೆ ಹೋದೆ. ಸುಮ್ಮನೆ ಟೈರು ಸವೆಸುತ್ತಾಳಲ್ಲ ಎನಿಸಿತು. ನಮ್ಮ ಹಳದಿ ಬಟ್ಟೆಯ ಉಪಾಯವನ್ನು ಸಂಸ್ಥೆಗೆ ಬರೆದೆ. ಬುಧವಾರ ಅವಳೊಂದಿಗೇ ಮಾತಾಡಿ ಎಂದರು.

ಅದೇ ವಾರ ಮಂಗಳವಾರ ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿಯ ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಗಾಳಿಗೆ ಬಿದ್ದಿರಬೇಕು ಎಂದುಕೊಂಡು ಎತ್ತಿ, ಕೊಡವಿ, ಹಿಡಿಗೆ ಭದ್ರವಾಗಿ ಕಟ್ಟಿದೆ. ಅಂದಿನಿಂದ ಗೋಡೆಯೊಳಗೆ ಟಕ್, ಟಕ್, ಟಕ್ ಎಂದು ಒಂದು ಸದ್ದು. ಮೂರು ಸಲ, ಸ್ವಲ್ಪ ಬಿಡುವು, ಮತ್ತೆ ಮೂರು ಸಲ. ಈ ದೇಶದ ನೀರಿನ ಪೈಪೂ ಶಿಸ್ತಿನಿಂದಲೇ ಕೆಡುತ್ತದೆ ಎಂದು ಗಂಡನ ಹತ್ತಿರ ನಕ್ಕೆ.

ಬುಧವಾರ ಸಂಜೆ ಐದೂವರೆಗೆ ಅವಳ ವಿಡಿಯೋ ಕರೆ ಬಂತು. ಅಲ್ಲಿ ಇನ್ನೂ ಬೆಳಗಿನ ಬಿಸಿಲು, ಅವಳು ಮರದಡಿ ಕೂತಿದ್ದಳು. ಇಲ್ಲಿ ಚಳಿಗಾಲದ ಕತ್ತಲು. ನಾನು ಜಂಬದಿಂದ ಫೋನು ಹಿಡಿದು ಹೊರಗೆ ಹೋಗಿ ಅಜ್ಜಿಯ ಬಾಗಿಲು ತೋರಿಸಿದೆ. ದೀಪದಡಿ ಹಳದಿ ಬಟ್ಟೆ ಅಲ್ಲಾಡದೆ ನೇತಾಡುತ್ತಿತ್ತು.

ಅವಳು ತನ್ನ ಇಂಗ್ಲಿಷಿನಲ್ಲಿ ಕೇಳಿದಳು, "ಸಂಜೆ ಒಳಗೆ ತಗೋತಾರೆ ಅಂದ್ರಲ್ಲ ಸಿಸ್ಟರ್? ಅಲ್ಲಿ ಕತ್ತಲಾಗಿದೆ."

"ಮರೆತಿರಬೇಕು."

"ನಿನ್ನೆ ತಗೊಂಡಿದ್ದು ನೋಡಿದ್ರಾ?"

ನನ್ನ ಹಿಂದೆ ಬಂದಿದ್ದ ಮಗಳು ಬಟ್ಟೆ ಮುಟ್ಟಿ ನೋಡಿದಳು. ಅವಳ ಊಟದ ಡಬ್ಬಿ ಸುತ್ತುವ ಬಟ್ಟೆಗೆ ನಾನು ದಿನಾ ಹಾಕುವ ಎರಡು ಸುತ್ತಿನ ಗಂಟು. "ಅಮ್ಮಾ, ದಟ್ಸ್ ಯುವರ್ ನಾಟ್."

ಅಂದರೆ ಎರಡು ದಿನದಿಂದ ಈ ಬಾಗಿಲು ತೆರೆದೇ ಇಲ್ಲ. ಎರಡು ದಿನದಿಂದ 'ನಾನು ಚೆನ್ನಾಗಿದ್ದೇನೆ' ಎಂದು ಹೇಳುತ್ತಿದ್ದದ್ದು ಅಜ್ಜಿಯಲ್ಲ, ನಾನು. ಸಂಘದವರು ಅದನ್ನು ನೋಡಿ ಎರಡು ದಿನವೂ ಗುರುತು ಹಾಕಿಕೊಂಡು ಹೋಗಿದ್ದರು.

"ಮಾತಾಡ್ಬೇಡಿ. ಒಳಗೆ ಯಾರೋ ತಟ್ತಿದ್ದಾರೆ," ಎಂದಿತು ಫೋನು.

ಟಕ್, ಟಕ್, ಟಕ್. ಕೇಳಿ ಕೇಳಿ ನನ್ನ ಕಿವಿಗೆ ಅದು ಬೀಳುವುದೇ ನಿಂತುಹೋಗಿತ್ತು. ಮಲಾವಿಯಲ್ಲಿ ಕೂತವಳಿಗೆ ಕೇಳಿಸಿತು.

ಬಾಗಿಲು ಮುರಿದವರಿಗೆ ಅಜ್ಜಿ ಸ್ನಾನದ ಮನೆಯಲ್ಲಿ ಸಿಕ್ಕರು. ಸೊಂಟ ಮುರಿದಿತ್ತು. ನಲ್ಲಿ ಕೈಗೆಟುಕಿದ್ದರಿಂದ ಜೀವ ಉಳಿದಿತ್ತು. ಕೈಯಲ್ಲಿ ನೀರೆರೆದುಕೊಳ್ಳುವ ಚೊಂಬು ಹಾಗೇ ಇತ್ತು.

ನನ್ನ ಉಪಾಯವನ್ನು ವಾಪಸು ತೆಗೆದುಕೊಳ್ಳುತ್ತೇನೆಂದು ಅದೇ ವಾರ ಸಂಸ್ಥೆಗೆ ಬರೆದೆ. ಕಾರಣವನ್ನೂ ಬರೆದೆ, ನಾಚಿಕೆಯಾದರೂ.

ಕೆಲವು ವಾರಗಳ ನಂತರ ಆಸ್ಪತ್ರೆಯಲ್ಲಿ ಅಜ್ಜಿಯನ್ನು ನೋಡಲು ಹೋದೆ. ಅವರು ಮಲಗಿದಲ್ಲೇ ತಲೆಬಾಗಿಸಿ, ತೊಂದರೆ ಕೊಟ್ಟೆನೆಂದು, ಸುಮಿಮಾಸೆನ್ ಎಂದು ಕ್ಷಮೆ ಕೇಳಿದರು. ಆಮೇಲೆ ಮೆಲ್ಲಗೆ, ಮಗುವಿಗೆ ಕಥೆ ಹೇಳುವ ದನಿಯಲ್ಲಿ ಹೇಳಿದರು: ಮಂಗಳವಾರ ನೀವು ಬಂದದ್ದು ಕೇಳಿಸಿತು. ಬಾಗಿಲ ಹಿಡಿ ಅಲ್ಲಾಡಿತು. ಜೋರಾಗಿ ಚೊಂಬು ತಟ್ಟಿದೆ. ನೀವು ಸ್ವಲ್ಪ ಹೊತ್ತು ಅಲ್ಲೇ ಇದ್ದಿರಿ, ಆಮೇಲೆ ಹೋದಿರಿ.

ನನ್ನ ಕೈ ಹಿಡಿದುಕೊಂಡರು. ಬಟ್ಟೆ ಕಟ್ಟಿಕೊಟ್ಟದ್ದಕ್ಕೆ ಅರಿಗಾತೋ ಎಂದು ಧನ್ಯವಾದ ಹೇಳಿದರು.