ತತ್ತಿ ಬೇಡ ಅಂದದ್ದು ಡಾಕ್ಟರಲ್ಲ

ನನ್ನ ಹೊಟ್ಟೆ ಕೆಡಿಸಿದ್ದು ಬರೀ ಸುಟ್ಟ ಗಾಯವಲ್ಲ, ನನ್ನ ಒಡಹುಟ್ಟಿದ ತಂಗಿಯೂ.

ಕೊಂಕಣಿ ಸೀಮೆಯ ವೆರ್ಣಾದಲ್ಲಿ ನಾನು ಅಡುಗೆ ಕೆಲಸಕ್ಕಿದ್ದ ಕ್ಯಾಂಟೀನಿನಲ್ಲಿ ಕುದಿಯುವ ಸಾರಿನ ಪಾತ್ರೆ ಮಗುಚಿ ಎದೆಯಿಂದ ತೊಡೆತನಕ ಸುಟ್ಟುಕೊಂಡಿದ್ದೆ. ದವಾಖಾನೆಯಿಂದ ಬಿಡುವಾಗ ಡಾಕ್ಟರು ಕೊಂಕಣಿಯಲ್ಲಿ ಏನೇನೋ ಹೇಳಿದರು. ನನಗೆ ಕೊಂಕಣಿ ತಿಳಿಯೋದಿಲ್ಲ, ತಂಗಿಗೆ ತಿಳಿಯುತ್ತದೆ.

"ಬರೀ ಗಂಜಿ ಕುಡಿ ಅಂದಾರಕ್ಕಾ. ತತ್ತಿ ತಿಂದ್ರ ಗಾಯ ಕೀವು ಆಗತೈತಂತ," ಅಂದಳು. ಅವಳ ಮನೆಯಲ್ಲೇ ಮಲಗಿದ್ದೆ, ನಂಬಿದೆ.

ಗಂಜಿ ಕುಡಿದು ಕುಡಿದು ಸೊರಗಿದೆ. ಹೊಟ್ಟೆ ಉಬ್ಬಿತು, ಭೇದಿ ನಿಲ್ಲಲಿಲ್ಲ, ಗಾಯ ಹಸಿಯಾಗಿಯೇ ಉಳಿಯಿತು. ಮತ್ತೆ ತೋರಿಸಲು ತಂಗಿಯ ಜೊತೆ ದವಾಖಾನೆಗೆ ಹೋದಾಗ ನಮ್ಮ ಕಡೆಯ ನರ್ಸೊಬ್ಬಳು ಸಿಕ್ಕಳು.

"ತತ್ತಿ, ಹಾಲು, ಬ್ಯಾಳಿ ಚಲೋತ್ನಂಗ ತಿನ್ನಾಕತ್ತೀರಿಲ್ಲೋ ಆಯಿ? ಮೈ ಇಷ್ಟು ಸುಟ್ರ ಕರುಳೂ ಬಲ ಕಳಕೋತೈತ್ರಿ. ಊಟ ಸಾಲದಿದ್ರ ಕರುಳಿನ ಹೊಲಸು ರಕ್ತಕ್ಕ ಸೇರತೈತಿ. ನಿಮ್ಮ ತಂಗೀಗೆ ಎಲ್ಲಾ ಹೇಳಿ ಕಳಿಸಿದ್ವಲ್ರಿ!"

ತಂಗಿಯ ಮುಖ ನೋಡಿದೆ. ಅವಳು ನೆಲ ನೋಡಿದಳು.

"ನಾ ವಿಠೋಬನ ತುಳಸಿ ಮಾಲಿ ಹಾಕ್ಕೊಂಡು ಮಾಂಸ, ತತ್ತಿ ಬಿಟ್ಟಾಕಿ ಅಕ್ಕಾ. ನನ್ನ ಒಲಿ ಮ್ಯಾಲ ತತ್ತಿ ಹೆಂಗ ಇಡಲಿ?"

"ಹಂಗಂತ ಹೇಳಿದ್ರ ಮಗಳ ಮನಿಗೆ ಹೋಗ್ತಿದ್ದೆ. ಡಾಕ್ಟರ ಹೆಸರು ಹೇಳಿ ಸುಳ್ಳು ಯಾಕ ಹೇಳಿದಿ?"



ಮರುದಿನ ಬೆಳಿಗ್ಗೆ ಎದುರು ಮನೆಯವಳ ಸ್ಟೋವ್ ಇಸಿದುಕೊಂಡು, ತಂಗಿಯ ಬಾಗಿಲ ಹೊರಗೆ ಕುಳಿತು ಎರಡು ತತ್ತಿ ಕುದಿಸಿ ತಿಂದೆ. ಆಮೇಲೆ ಸೀರೆಗಳ ಗಂಟು ಕಟ್ಟಿ, ಸಾಂಖಳಿ ಊರಿನಲ್ಲಿರುವ ಮಗಳ ಮನೆಗೆ ಬಸ್ಸು ಹತ್ತಿದೆ.