ಮುಚ್ಚಳದಮ್ಮ ಹಚ್ಚಿಕೊಂಡ ಪರಿಮಳ

ಹಾಲಿನ ಕೇಂದ್ರದಲ್ಲಿ ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಲಾರಿಯವರಿಂದ ಹಿಡಿದು ಮ್ಯಾನೇಜರರವರೆಗೆ ಎಲ್ಲರ ಬಾಯಲ್ಲೂ ಆಕೆ ಮುಚ್ಚಳದಮ್ಮ. ಕೆಲಸವೇ ಮುಚ್ಚಳದ್ದು. ಬೆಳಗಾಗುತ್ತಲೇ ಹಾಲಿನ ಕ್ಯಾನುಗಳು ಲಾರಿಯಿಂದಿಳಿದು ಸಿಮೆಂಟಿನ ಕಟ್ಟೆಯ ಮೇಲೆ ಸಾಲಾಗಿ ನಿಲ್ಲುತ್ತಿದ್ದವು. ಆಕೆ ಒಂದೊಂದರ ಮುಚ್ಚಳವನ್ನೂ ಎತ್ತಿ, ಮಗುಚಿ, ಅದರ ಒಳಮೈಯನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ದಾರಿಯುದ್ದಕ್ಕೂ ಕುಲುಕಿ ಬಂದ ಹಾಲು ತನ್ನ ಗುಟ್ಟನ್ನೆಲ್ಲ ಮುಚ್ಚಳದ ಕಿವಿಯಲ್ಲಿ ಹೇಳಿರುತ್ತದೆ. ಆಕೆಗೆ ಒಂದು ಉಸಿರು ಸಾಕು. ಚೆನ್ನಾಗಿದ್ದರೆ ‘ಒಳಗೆ’ ಅನ್ನುತ್ತಿದ್ದಳು. ಕೆಟ್ಟಿದ್ದರೆ ‘ವಾಪಸ್’ ಅಂದು ಅಂಗೈಯಿಂದ ಕ್ಯಾನನ್ನು ಆಚೆ ನೂಕುತ್ತಿದ್ದಳು. ಆಮೇಲೆ ಯಂತ್ರಗಳು ಬಂದವು, ಬಿಳಿ ಕೋಟಿನವರು ಬಂದರು. ಆದರೂ ಮೊದಲ ಉಸಿರು ಆಕೆಯದೇ.

“ಮುಚ್ಚಳದಮ್ಮಾ, ನಿಮ್ಮ ಮೂಗನ್ನ ಒಂದು ದಿನ ಸಾಲ ಕೊಡ್ರೀ,” ಎಂದು ಲಾರಿಯ ಡ್ರೈವರ್ ಕೆಣಕುತ್ತಿದ್ದ. “ನಮ್ಮನೆಯವಳು ದಿನಾ ಯಾರ ಜೊತೆ ಹರಟೆ ಹೊಡೀತಾಳೆ ಅಂತ ಕಂಡುಹಿಡೀಬೇಕು.”

“ನಿನ್ನ ಬಾಯಿ ಮೂಸಿದ್ರೆ ಅವಳಿಗೇ ಎಲ್ಲಾ ಗೊತ್ತಾಗುತ್ತೆ. ದೂರ ನಿಂತ್ಕೊಂಡು ಮಾತಾಡು. ಬೀಡಿ ವಾಸನೆ ಹಾಲಿಗೆ ಹತ್ತುತ್ತೆ.”

ಹೀಗೆ ಬಾಯಿ ಜೋರಿದ್ದರೂ ಆಕೆಯ ಬದುಕು ಬಹಳ ಬಿಗಿಯಾದದ್ದು. ಕೆಲಸಕ್ಕೆ ಸೇರಿದ ದಿನವೇ ಹಿಂದಿನ ಮೂಗಿನಾಕೆ ಹೇಳಿಕೊಟ್ಟಿದ್ದಳು: ಪರಿಮಳದ ಸೋಪು ಬೇಡ, ಪೌಡರು ಬೇಡ, ತಲೆಗೆ ವಾಸನೆಯ ಎಣ್ಣೆ ಬೇಡ, ಬೆಳಿಗ್ಗೆ ಹಸಿ ಈರುಳ್ಳಿ ಬೇಡ. ಮೈಗೆ ಹತ್ತಿದ ವಾಸನೆ ಮೂಗನ್ನು ಮಂಕು ಮಾಡುತ್ತದೆ. ಆಕೆ ಅದನ್ನು ಚಾಚೂ ತಪ್ಪದೆ ನಡೆಸಿದಳು. ಮದುವೆ ಮನೆಗಳಲ್ಲಿ ಎಲ್ಲ ಹೆಂಗಸರೂ ಘಮಘಮ ಅನ್ನುತ್ತಿದ್ದರೆ ಆಕೆ ತೊಳೆದಿಟ್ಟ ಪಾತ್ರೆಯ ಹಾಗೆ ಕೂತಿರುತ್ತಿದ್ದಳು.

ಇಷ್ಟೆಲ್ಲ ಇದ್ದೂ ಆಕೆ ಕಟ್ಟಿಕೊಂಡದ್ದು ಒಬ್ಬ ಕ್ಷೌರಿಕನನ್ನು.

ಕ್ಷೌರದಂಗಡಿ ಎಂದರೆ ವಾಸನೆಯ ಸಂತೆ. ಸೋಪಿನ ನೊರೆ, ಗಡ್ಡ ಬೋಳಿಸಿದ ಮೇಲೆ ಸವರುವ ಲೋಷನ್ನು, ಕುತ್ತಿಗೆಗೆ ಉದುರಿಸುವ ಪೌಡರು, ತಲೆ ತಿಕ್ಕುವ ಎಣ್ಣೆ. ಊರಿಗೆಲ್ಲ ಪರಿಮಳ ಹಚ್ಚಿ ಕಳಿಸುವ ಗಂಡಸು ತನ್ನ ಮನೆಗೆ ಬರುವಾಗ ಮಾತ್ರ ಕಳ್ಳನ ಹಾಗೆ ಹಿತ್ತಲಿನಿಂದ ಬರಬೇಕಾಗಿತ್ತು. ಹಿತ್ತಲಿನ ನಲ್ಲಿಯ ಕೆಳಗೆ ಬಟ್ಟೆ ಒಗೆಯುವ ಸೋಪಿನಲ್ಲಿ ಕೈ ಕಾಲು ಕತ್ತು ತಿಕ್ಕಿಕೊಂಡು, ಅಂಗಡಿಯ ಅಂಗಿಯನ್ನು ಹೊರಗಿನ ಮೊಳೆಗೆ ತಗುಲಿಹಾಕಿ, ಆಮೇಲೆ ಒಳಗೆ. ಚಳಿಯಲ್ಲಿ ಹಲ್ಲು ಕಟಕಟ ಅನ್ನುತ್ತಿದ್ದರೂ ಒಂದು ದಿನವೂ ಮುಖ ಸಿಂಡರಿಸಲಿಲ್ಲ.

“ಎಲ್ಲರ ಹೆಂಡ್ತೀರೂ ಗಂಡನ ಜೇಬು ನೋಡ್ತಾರೆ,” ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ. “ನಮ್ಮವಳು ಕಂಕುಳು ನೋಡ್ತಾಳೆ.”

ಅವನಿಗಿದ್ದದ್ದು ಒಂದೇ ಆಸೆ. ಆಕೆ ಕೆಲಸ ಬಿಟ್ಟ ದಿನ ತನ್ನ ಕೈಯಾರೆ ಆಕೆಗೆ ಪರಿಮಳ ಹಚ್ಚಬೇಕು. ಅದನ್ನು ಬಾಯಿಬಿಟ್ಟು ಹೇಳಿದವನಲ್ಲ. ಆದರೆ ಬೇರೆ ಗಂಡಸರು ಹೆಂಡತಿಗೆ ಒಯ್ಯಲೆಂದು ತಂದ ಶೀಷೆಗಳನ್ನು ಅವನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡುವ ರೀತಿಯಲ್ಲೇ ಅದು ಗೊತ್ತಾಗುತ್ತಿತ್ತು.

ಆ ದಿನ ಬಂತು. ಕೇಂದ್ರದವರು ಕುರ್ಚಿ ಹಾಕಿ ಕೂರಿಸಿ ನಾಲ್ಕು ಒಳ್ಳೆಯ ಮಾತಾಡಿ ಕಳಿಸಿಕೊಟ್ಟರು. ಸಂಜೆ ಗಂಡ ಅಂಗಡಿಯನ್ನು ಬೇಗ ಮುಚ್ಚಿ ಬಂದ. ಎಂದಿಗಿಂತ ಹೆಚ್ಚು ಹೊತ್ತು ನಲ್ಲಿಯ ಕೆಳಗೆ ಇದ್ದ. ಒಳಗೆ ಬಂದವನು ಪಂಚೆಯ ಮಡಿಕೆಯಿಂದ ಒಂದು ಸಣ್ಣ ಶೀಷೆ ತೆಗೆದ. ಗುಲಾಬಿಯ ಅತ್ತರು.

“ಕೈ ಕೊಡೇ,” ಎಂದ. ಮದುವೆಯ ಗಂಡಿಗೆ ಕ್ಷೌರ ಮಾಡುವಾಗಲೂ ಅವನ ಕೈ ಅಷ್ಟು ಜೋಪಾನವಾಗಿರುತ್ತಿರಲಿಲ್ಲ. ಆಕೆಯ ಮಣಿಕಟ್ಟಿನ ಮೇಲೆ ಒಂದು ತೊಟ್ಟು ಹಚ್ಚಿ, ಬೆರಳಿನಿಂದ ಸವರಿ, ಮುಖ ನೋಡುತ್ತ ನಿಂತ.

ಆಕೆ ಕೈಯನ್ನು ಮೂಗಿನ ಹತ್ತಿರ ಒಯ್ದಳು. ಒಂದು ಉಸಿರು. ಮರುಕ್ಷಣವೇ “ವಾಪಸ್!” ಎಂದು ಅಂಗೈಯಿಂದ ಅವನ ಎದೆಯನ್ನು ಆಚೆ ನೂಕಿದಳು.

ಮಾತು ಬಾಯಿಂದ ಬಿದ್ದ ಮೇಲೆಯೇ ಆಕೆಗೆ ಅದು ಕೇಳಿಸಿದ್ದು. ಬೇಕೆಂದು ಅಂದದ್ದಲ್ಲ. ಹಾಲು ಕೆಡುವುದು ಹುಳಿಯಿಂದಲೇ ಎಂದು ಜನ ತಿಳಿದಿದ್ದಾರೆ. ಹುಳಿಯನ್ನು ಯಾರು ಬೇಕಾದರೂ ಹಿಡಿಯಬಹುದು. ಮೋಸ ಮಾಡುವುದು ಸಿಹಿ. ಕೆಲವು ಹಾಲು ಕೆಡುವ ಮೊದಲು ಹಣ್ಣಿನ ಹಾಗೆ, ಹೂವಿನ ಹಾಗೆ ಸಿಹಿಯಾಗಿ ನಾರುತ್ತದೆ. ಆ ಸಿಹಿ ಮೂಗಿಗೆ ಬಡಿದರೆ ತಲೆ ಯೋಚಿಸುವ ಮೊದಲೇ ಕೈ ನೂಕಬೇಕು. ಆಕೆಯ ಕೈ ಕಲಿತದ್ದು ಅದನ್ನೇ.

“ಅಯ್ಯೋ, ನಾನು ಹಾಲು ಅಂದ್ಕೊಂಡು...” ಎಂದು ಆಕೆ ತಡವರಿಸಿದಳು.

“ಗೊತ್ತಾಯ್ತು ಬಿಡೇ,” ಎಂದು ಅವನು ನಕ್ಕ. ಶೀಷೆಗೆ ಬಿರಡೆ ಹಾಕಿ, ಮಾರನೆಯ ದಿನ ಅಂಗಡಿಗೆ ಒಯ್ದು ಗಿರಾಕಿಗಳ ಅಂಗಿಗೆ ಸವರಿ ಖರ್ಚು ಮಾಡಿಬಿಟ್ಟ.

ನಕ್ಕನೇನೋ ಸರಿ. ಆದರೆ ಅಂದಿನಿಂದ ಅವನ ರೀತಿ ಬದಲಾಯಿತು. ಇನ್ನು ತೊಳೆದುಕೊಳ್ಳುವ ಅಗತ್ಯವಿಲ್ಲ, ಕೆಲಸ ಮುಗಿಯಿತಲ್ಲ ಎಂದು ಆಕೆ ಹೇಳಿದರೂ ಮೊದಲಿಗಿಂತ ಹೆಚ್ಚು ತಿಕ್ಕಿಕೊಂಡು ಬರುತ್ತಿದ್ದ. ಊಟಕ್ಕೆ ಕೂತಾಗ ಇಬ್ಬರ ನಡುವೆ ಒಂದು ಮಣೆ ಹಿಡಿಯುವಷ್ಟು ಜಾಗ ಬಿಡುತ್ತಿದ್ದ. ಆಕೆ ಸರಿದು ಹತ್ತಿರ ಕೂತರೆ ಅವನು ನೀರು ತರುವ ನೆಪದಲ್ಲಿ ಏಳುತ್ತಿದ್ದ. ಆ ದಿನ ನೂಕಿದ್ದು ಅತ್ತರನ್ನಲ್ಲ, ತನ್ನನ್ನೇ ಎಂದು ಅವನ ಮನಸ್ಸಿಗೆ ನಾಟಿತ್ತು. ಬಿಡಿಸಿ ಹೇಳಲು ಹೋದರೆ “ಅದನ್ನೇ ಎಷ್ಟು ಸಲ ಅಗೀತೀಯೇ” ಎಂದು ತಮಾಷೆ ಮಾಡಿ ಮಾತು ಹಾರಿಸುತ್ತಿದ್ದ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದ್ದ ಮನುಷ್ಯ ಈಗ ಎದುರಿಗೇ ಕೂತು ದೂರವಾಗುತ್ತಿದ್ದ.

ನಾದಿನಿ ಪಕ್ಕದ ಬೀದಿಯವಳು. ಕತ್ತರಿ ನಾಲಿಗೆ, ಬೆಣ್ಣೆ ಮನಸ್ಸು. ಒಂದು ಮಧ್ಯಾಹ್ನ ಬಂದು ಸಂಗತಿಯನ್ನೆಲ್ಲ ಕೇಳಿಸಿಕೊಂಡು ಹಣೆ ಚಚ್ಚಿಕೊಂಡಳು.

“ಅಲ್ಲ ಅತ್ತಿಗೆ, ನಮ್ಮಣ್ಣನ್ನ ಕ್ಯಾನು ನೂಕಿದ ಹಾಗೆ ನೂಕಿದ್ರಾ?”

“ಬೇಕೂಂತ ನೂಕಿದ್ನಾ? ಕೈ ತಾನಾಗೇ ಹೋಯ್ತು.”

“ಹೋದ ಕೈಯನ್ನ ವಾಪಸ್ ಕರೆಸಿ. ಬಾಯಲ್ಲಿ ಹೇಳಿದ್ರೆ ಅವನ ತಲೆಗೆ ಹೋಗಲ್ಲ. ನಮ್ಮಪ್ಪನ ಕಾಲದಿಂದ್ಲೂ ಆ ತಲೆ ಹಂಗೇ. ಸೆಂಟಿನ ಅಂಗಡಿಗೆ ಕರ್ಕೊಂಡು ಹೋಗಿ. ನಿಮ್ಮ ಮೂಗು ಒಪ್ಪೋದು ಒಂದಾದ್ರೂ ಇರುತ್ತೆ. ಅದನ್ನ ಅವನ ಕೈಲೇ ಹಚ್ಚಿಸ್ಕೊಳ್ಳಿ.”

“ಯಾವುದೂ ಒಪ್ಪದೇ ಹೋದ್ರೆ?”

“ಉಸಿರು ಬಿಗಿಹಿಡ್ಕೊಂಡು ಹಚ್ಚಿಸ್ಕೊಳ್ಳಿ. ನಮ್ಮೆಜಮಾನರ ಕಾಲಿನ ಚೀಲದ ವಾಸನೆ ನಾನು ಸಹಿಸ್ಕೊಂಡಿಲ್ವಾ?”

ಕ್ಷೌರದಂಗಡಿಗೆ ರಜೆಯಿದ್ದ ದಿನ ಆಕೆ ಗಂಡನನ್ನು ಹೊರಡಿಸಿದಳು. ಎಲ್ಲಿಗೆ ಎಂದು ಹೇಳಲಿಲ್ಲ. ದೊಡ್ಡ ಬೀದಿಯಲ್ಲಿ ಗಾಜಿನ ಬಾಗಿಲಿನ ಪರಿಮಳದಂಗಡಿಯ ಮುಂದೆ ನಿಂತಾಗ ಅವನು ಅಲ್ಲೇ ಮೆಟ್ಟಿಲ ಮೇಲೆ ಹಿಂಜರಿದ.

“ಬೇಡ ಕಣೇ. ನಿನಗೆ ಹಿಂಸೆ ಯಾಕೆ?”

“ಹಿಂಸೆ ನನಗಿರ್ಲಿ. ಬನ್ನಿ ಒಳಗೆ.”

ಅಂಗಡಿಯ ಹುಡುಗಿ ಬಿಳಿ ಕಾಗದದ ಪಟ್ಟಿಗಳ ಮೇಲೆ ಸಿಂಪಡಿಸಿ ಕೊಡಲು ಬಂದಳು. ಮುಚ್ಚಳದಮ್ಮ ತಲೆಯಾಡಿಸಿದಳು. “ಕಾಗದ ಬೇಡಮ್ಮ. ಮುಚ್ಚಳ ಕೊಡು.” ಹುಡುಗಿ ಕಣ್ಣರಳಿಸಿದರೂ ಕೊಟ್ಟಳು. ಆಕೆ ಒಂದೊಂದೇ ಶೀಷೆಯ ಮುಚ್ಚಳವನ್ನು ಮಗುಚಿ ಮೂಗಿಗೆ ಹಿಡಿದಳು. ಮೊದಲನೆಯದು ಸಿಹಿ. ಎರಡನೆಯದು ಅದಕ್ಕಿಂತ ಸಿಹಿ. ಮತ್ತೊಂದು ಹಣ್ಣು, ಇನ್ನೊಂದು ಹೂವು. ಪ್ರತಿ ಸಲವೂ ಕೈ ನೂಕಲು ಮುಂದೆ ಬರುತ್ತಿತ್ತು. ಆಕೆ ಅದನ್ನು ಇನ್ನೊಂದು ಕಂಕುಳಿನಲ್ಲಿ ಒತ್ತಿ ಹಿಡಿದುಕೊಂಡಳು. ಪಕ್ಕದಲ್ಲಿ ಗಂಡ ನೋಡುತ್ತಿದ್ದ. ಆಕೆಯ ಹಣೆಯಲ್ಲಿ ಬೆವರು ಕಂಡು, “ಸಾಕು ಬಾರೇ, ಹೋಗೋಣ,” ಎಂದು ಮೆಲ್ಲಗೆ ಸೆರಗು ಎಳೆದ.

“ಒಂದು ಇದೆ ಅಮ್ಮಾ,” ಎಂದಳು ಹುಡುಗಿ. “ಯಾರೂ ತಗೊಳ್ಳಲ್ಲ. ಗಂಡಸರು ಮೂಸಿ ಹೆಂಗಸರದು ಅಂತಾರೆ, ಹೆಂಗಸರು ಮೂಸಿ ಗಂಡಸರದು ಅಂತಾರೆ. ಅದು ಇಬ್ಬರಿಗೂ ಮಾಡಿದ್ದು.”

ಹಿಂದಿನ ಕಪಾಟಿನಿಂದ ತಂದದ್ದು ದಪ್ಪ ಗಾಜಿನ ಚೌಕದ ಶೀಷೆ. ಆಕೆ ಮುಚ್ಚಳ ಮಗುಚಿದಳು. ಒಂದು ಉಸಿರು ಎಳೆದಳು. ಕೈ ಕಂಕುಳಲ್ಲೇ ಸುಮ್ಮನಿತ್ತು. ಇನ್ನೊಂದು ಉಸಿರು ಎಳೆದಳು.

ಟೊಮೇಟೊ ಗಿಡದ ಎಲೆಯನ್ನು ಬೆರಳಲ್ಲಿ ಹಿಸುಕಿದರೆ ಒಂದು ಕಹಿ ಹಸಿರು ವಾಸನೆ ಬರುತ್ತದಲ್ಲ, ಮೊದಲು ಅದು. ಅದರ ಬೆನ್ನಿಗೇ ಮುರಿದ ಹಸಿ ಕಡ್ಡಿ. ಎಲ್ಲೋ ಆಳದಲ್ಲಿ, ಇನ್ನೂ ಮುಂದೆ ಬಾರದೆ, ಆಗತಾನೇ ಬಡಗಿ ಹತ್ತರಿ ಹೊಡೆದು ನುಣುಪು ಮಾಡಿದ ಮರದ ಹಲಗೆ. ಸಿಹಿ ಎಂಬುದು ಹುಡುಕಿದರೂ ಇಲ್ಲ. ಮೋಸವಿಲ್ಲದ ವಾಸನೆ.

ಆಕೆ ಮುಚ್ಚಳವನ್ನು ಗಂಡನ ಮೂಗಿನ ಮುಂದೆ ಹಿಡಿದಳು. ಅವನು ಮೂಸಿ ನೋಡಿ ಹುಬ್ಬು ಗಂಟಿಕ್ಕಿದ. “ಇದೇನೇ ಇದು! ಬಡಗಿ ಅಂಗಡಿ ಪಕ್ಕದಲ್ಲಿ ಯಾರೋ ಬೇಲಿ ಕತ್ತರಿಸಿದ ಹಾಗಿದೆ.”

“ಇದೇ ಬೇಕು ನನಗೆ.”

“ಇದಾ? ಅಷ್ಟೊಂದು ಘಮಘಮ ಇರೋದೆಲ್ಲ ಬಿಟ್ಟು?”

ಹುಡುಗಿ ಸಿಂಪಡಿಸಲು ಶೀಷೆ ಎತ್ತಿದಳು. ಮುಚ್ಚಳದಮ್ಮ ಅದನ್ನು ಅವಳಿಂದ ಇಸಿದುಕೊಂಡು ಗಂಡನ ಕೈಗೆ ಕೊಟ್ಟಳು. ತನ್ನ ಮಣಿಕಟ್ಟನ್ನು ಮೇಲ್ಮುಖ ಮಾಡಿ ಮುಂದೆ ಚಾಚಿದಳು.

“ನೀವು ಹಚ್ಚಿ.”

ದಿನವೂ ಎಷ್ಟೋ ಜನರ ಕತ್ತಿನ ಮೇಲೆ ಕತ್ತಿ ಆಡಿಸುವ ಮನುಷ್ಯ ಆ ಶೀಷೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಒಂದು ಸಲ ಒತ್ತಿದ. ತಕ್ಷಣ ಒಂದು ಹೆಜ್ಜೆ ಹಿಂದೆ ಸರಿದ. ಆಕೆ ಕೈಯನ್ನು ಮೂಗಿಗೆ ಒಯ್ದು ಕಣ್ಣು ಮುಚ್ಚಿದಳು. ಬಿಟ್ಟ ಕಣ್ಣಿನಲ್ಲಿ ನೀರಿತ್ತು. ಅವನ ತೋಳು ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಶೀಷೆ ಇಸಿದುಕೊಂಡು ಅವನ ಕತ್ತಿನ ಬದಿಗೂ ಒಂದು ಸಲ ಒತ್ತಿದಳು.

“ನನಗ್ಯಾಕೇ?”

“ಇಬ್ಬರದೂ ಅಂತ ಹೇಳಿಲ್ವಾ ಆ ಮಗು?”

ಶೀಷೆಯನ್ನು ಕಟ್ಟಿಕೊಡುತ್ತ ಹುಡುಗಿ ಇನ್ನೊಂದು ಮಾತು ಹೇಳಿದಳು: ಇದು ಮೈಮೇಲೆ ಬದಲಾಗುತ್ತದೆ, ಮೊದಲು ಹಸಿರು, ಆರಿದ ಮೇಲೆ ಮರ, ಒಬ್ಬೊಬ್ಬರ ಮೈಯಲ್ಲಿ ಒಂದೊಂದು ಹೊತ್ತಿಗೆ.

ಇಬ್ಬರೂ ಬಂದು ಬಸ್ಸು ನಿಲ್ಲುವ ಕಡೆ ಕಲ್ಲುಬೆಂಚಿನ ಮೇಲೆ ಕೂತರು. ಅವನು ಈಗಲೂ ನಡುವೆ ಜಾಗ ಬಿಟ್ಟೇ ಕೂತ. ಆಮೇಲೆ ರಸ್ತೆಯ ಕಡೆಗೇ ಮುಖವಿಟ್ಟುಕೊಂಡು ಕೇಳಿದ.

“ಆವತ್ತು ನೂಕಿದೆಯಲ್ಲ. ನನ್ನ ಮೈ ವಾಸನೆಗೇನೂ ಅಲ್ಲ ತಾನೇ?”

“ಇಷ್ಟು ದಿನ ಇದನ್ನ ಹೊಟ್ಟೇಲಿ ಇಟ್ಕೊಂಡು ತಿರುಗಿದ್ರಾ?”

“ಹಿತ್ತಲಲ್ಲಿ ಎಷ್ಟು ತಿಕ್ಕಿದ್ರೂ ಒಂದು ಚೂರು ಉಳಿದೇ ಉಳಿಯುತ್ತೆ. ಅದನ್ನ ಇಷ್ಟು ವರ್ಷ ಸಹಿಸ್ಕೊಂಡು, ಕೊನೇಗೆ ಬಾಯಿಗೆ ಬಂತೇನೋ ಅಂತ.”

“ಉಳೀತಿತ್ತು,” ಎಂದಳು ಆಕೆ. “ಕಿವಿ ಹಿಂದೆ. ಅಲ್ಲಿ ನೀವು ಯಾವತ್ತೂ ಸರಿಯಾಗಿ ತೊಳೀಲಿಲ್ಲ. ಸೋಪಿನ ನೊರೆ, ಪೌಡರು, ಅದರ ಕೆಳಗೆ ನಿಮ್ಮ ಬೆವರು. ಹೇಳಿದ್ರೆ ಅದನ್ನೂ ತೊಳೆದುಬಿಡ್ತೀರಿ ಅಂತ ಹೇಳ್ಲಿಲ್ಲ.”

ಅವನು ತಿರುಗಿ ಆಕೆಯ ಮುಖ ನೋಡಿದ. ಬಸ್ಸು ಬಂದು ನಿಂತಿತು. ಇಬ್ಬರೂ ಏಳಲಿಲ್ಲ. ಅವನು ನಡುವಿನ ಜಾಗವನ್ನು ದಾಟಿ ಸರಿದು ಕೂತು, ಆಕೆಯ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದುಕೊಂಡ.

“ಇನ್ನೂ ಬೇಲಿನೇ ಇದೆ,” ಎಂದ. “ಮರ ಎಲ್ಲಿ?”

“ಅವಸರ ಮಾಡ್ಬೇಡಿ. ಮೆಲ್ಲಗೆ ಉಸಿರು ಎಳೀರಿ. ನಿಮ್ಮ ಮೂಗಿನ ತುಂಬ ಪೌಡರಿದೆ.”

ಬಸ್ಸಿನ ಕಿಟಕಿಯಿಂದ ಅವನ ಗಿರಾಕಿಯೊಬ್ಬ ತಲೆ ಹಾಕಿದ. “ಏನಣ್ಣಾ, ಅಕ್ಕನಿಗೆ ಮೈ ಸರಿಯಿಲ್ವಾ? ನಾಡಿ ನೋಡ್ತಿದ್ದೀರಾ?”

“ಚೆನ್ನಾಗಿದ್ದಾಳೆ ಕಣಯ್ಯಾ. ನೀನು ತಲೆ ಒಳಗೆ ಹಾಕು, ಅದು ನನ್ನ ಗಿರಾಕಿ ತಲೆ!”

ನಾಲ್ಕು ಜನರೆದುರು ಕೈ ಹಿಡಿದರೆ ಕೊಸರಿಕೊಳ್ಳುವ ಹೆಂಗಸು ಆಕೆ. ಅಂದು ಕೊಸರಿಕೊಳ್ಳಲಿಲ್ಲ. ಬಸ್ಸು ಹೋಯಿತು. ಅದು ಎಬ್ಬಿಸಿದ ಧೂಳು ಇಳಿಯಿತು. ಅವನು ಕಣ್ಣು ಮುಚ್ಚಿ, ಆಕೆ ಹೇಳಿಕೊಟ್ಟ ಹಾಗೆ, ಮೆಲ್ಲಗೆ ಎಳೆಯುತ್ತಲೇ ಇದ್ದ.