ಬೆರಳು ನೋಡಿ ಬಂದ ಸಿಟ್ಟು

ನನಗೆ ಹುಚ್ಚು ಹಿಡಿದಿಲ್ಲ ಮಾರಾಯ್ರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕಾಂದಿವಲಿಯಿಂದ ಚೆಂಬೂರಿನ ತನಕ ನಮ್ಮ ನೆಂಟರಲ್ಲಿ ಅರ್ಧ ಜನ ಹಾಗೆಯೇ ತಿಳಿದುಕೊಂಡಿದ್ದಾರೆ. ನನಗೆ ಆದದ್ದು ಇಷ್ಟೇ: ಬಾಗಿಲು ಎಳೆದು ಮುಚ್ಚುವ ಸದ್ದು ಕೇಳಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಕೈಕಾಲು ತಣ್ಣಗಾಗುತ್ತಿತ್ತು, ಉಸಿರು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬಿಲ್ಡಿಂಗಿನ ಲಿಫ್ಟ್ ಬಿಟ್ಟೆ. ಏಸಿ ಲೋಕಲ್ ರೈಲು ಬಿಟ್ಟೆ. ಬಾಗಿಲು ಮುಚ್ಚದ ಹಳೇ ಲೋಕಲ್ಲಿನಲ್ಲಿ ನಾಲ್ಕು ಜನರ ಬೆವರು ಒರೆಸಿಕೊಂಡು ಬರುವುದೇ ಹಾಯೆನಿಸುತ್ತಿತ್ತು. ಕೊನೆಗೆ ಒಲೆಯನ್ನೂ ಬಿಡಬೇಕಾಯಿತು. ದೋಸೆ, ವಡೆ ಬಿಟ್ಟರೆ ಬೇರೆ ಕಸುಬೇ ಗೊತ್ತಿಲ್ಲದವನು ಒಲೆ ಬಿಟ್ಟ ಮೇಲೆ ಎಂತ ಮಾಡುವುದು ಹೇಳಿ.

ಒಲೆ ಇದ್ದದ್ದು ಜೋಗೇಶ್ವರಿಯಲ್ಲಿ, ಭಾವನ ಹೋಟೆಲಿನಲ್ಲಿ. ಭಾವ ಅಂದರೆ ನನ್ನ ಅಕ್ಕನ ಗಂಡ. ಉಡುಪಿ ಕಡೆಯಿಂದ ನನ್ನನ್ನು ಕರೆತಂದು ಕೆಲಸ ಕಲಿಸಿದವರು ಅವರೇ. ಅವರ ಹೋಟೆಲಿಗೆ ಒಂದೇ ಶಾಸ್ತ್ರ: ಒಳಗಿನದು ಹೊರಗೆ ಗೊತ್ತಾಗಬಾರದು. ಒಳಗೆ ಹಾಲು ಒಡೆಯಲಿ, ಇಬ್ಬರು ಹೊಡೆದಾಡಿಕೊಳ್ಳಲಿ, ಗಿರಾಕಿ ಕೇಳಿದರೆ ‘ಎಲ್ಲ ಫಸ್ಟ್ ಕ್ಲಾಸ್’ ಅನ್ನಬೇಕು. ಅಡುಗೆಮನೆಗೂ ಗಿರಾಕಿಗಳು ಕೂರುವ ಹಾಲಿಗೂ ನಡುವೆ ಪ್ಲೇಟು ಕೊಡಲು ಒಂದು ಕಿಟಕಿ, ಅದಕ್ಕೊಂದು ಜಾರುವ ಹಲಗೆ.

ಅವತ್ತು ಮಧ್ಯಾಹ್ನ ಅಕ್ಕಪಕ್ಕದ ವರ್ಕ್‌ಶಾಪುಗಳ ಜನವೆಲ್ಲ ಊಟಕ್ಕೆ ನುಗ್ಗಿದ್ದ ಹೊತ್ತು. ಎಣ್ಣೆಗೆ ಬೆಂಕಿ ಹಿಡಿಯಿತು. ನನ್ನ ಅಂಗಿಯ ತೋಳಿಗೆ ಹತ್ತಿತು. ನಾನು ಕಿಟಕಿಯತ್ತ ಓಡಿದೆ, ಕೂಗಿದೆ. ದುಡ್ಡಿನ ಗಲ್ಲಾದಿಂದ ಎದ್ದು ಬಂದ ಭಾವ ನನ್ನ ಮುಖ ನೋಡಿದರು. ನೋಡಿ, ಹಲಗೆ ಎಳೆದು ಮುಚ್ಚಿದರು. ‘ಮೆಲ್ಲ ಮಾರಾಯ, ಗಿರಾಕಿಗಳಿದ್ದಾರೆ’ ಅಂದದ್ದು ಹಲಗೆಯ ಆಚೆಯಿಂದ ಕೇಳಿತು. ಹಿಂದಿನ ಬಾಗಿಲಿಗೆ ಅಡ್ಡವಾಗಿ ಬಟಾಟೆ ಮೂಟೆ ಇತ್ತು. ಜೊತೆಗಿದ್ದವರು ಒದ್ದೆ ಗೋಣಿ ಹೊದಿಸಿ, ಮೂಟೆ ಎಳೆದು ಹಾಕಿ, ನನ್ನನ್ನು ಆ ದಾರಿಯಿಂದಲೇ ರಿಕ್ಷಾಕ್ಕೆ ಹತ್ತಿಸಿದರು. ಭಾವ ರಿಕ್ಷಾದ ಹತ್ತಿರ ಬಗ್ಗಿ ಹೇಳಿದ್ದು ಇನ್ನೂ ಚಂದ: ‘ಆಸ್ಪತ್ರೆಯಲ್ಲಿ ಮನೆಯ ಸ್ಟವ್ ಅಂತ ಹೇಳು, ಹೋಟೆಲಿನ ಹೆಸರು ಬೇಡ.’ ನಾನು ಹಾಗೆಯೇ ಹೇಳಿದೆ. ಭಾವ ಅಲ್ಲವಾ!

ಕೈಯ ಗಾಯ ಒಣಗಿತು. ಎದೆ ಮಾತ್ರ ಸುಮ್ಮನಾಗಲಿಲ್ಲ. ಹೃದಯದ ಟೆಸ್ಟ್‌ಗಳೆಲ್ಲ ಸರಿ ಬಂದವು. ಇದು ಗಾಬರಿಯ ಕಾಯಿಲೆ ಅಂತ ಹೇಳಿ ಆಸ್ಪತ್ರೆಯವರು ಕಾಂದಿವಲಿಯ ಒಬ್ಬ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಸಣ್ಣ ಪ್ರಾಯದವರು, ಮರಾಠಿಯವರು, ನನ್ನ ಜೊತೆ ಹಿಂದಿಯಲ್ಲಿ ಮಾತು. ಅವರ ಚಿಕಿತ್ಸೆ ಹೀಗೆ: ಆ ಬೆಂಕಿಯ ಘಟನೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಅವರ ಬೆರಳನ್ನೇ ನೋಡಬೇಕು. ಬೆರಳು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ತಲೆ ಅಲ್ಲಾಡಬಾರದು, ಕಣ್ಣು ಮಾತ್ರ ಓಡಬೇಕು. ನಡುವೆ ನಿಲ್ಲಿಸಿ ‘ಈಗ ಏನು ಬಂತು?’ ಅಂತ ಕೇಳುತ್ತಾರೆ. ಕಷ್ಟ ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರೊಳಗೆ ಮಾರ್ಕು ಕೊಡಬೇಕು. ನನಗೆ ಅರ್ಥವಾದದ್ದು ಹೀಗೆ: ಆ ನೆನಪು ಒಳಗೆ ಅರೆಬೆಂದು ಕೂತಿದೆ, ಅದು ಪೂರ್ತಿ ಬೇಯಬೇಕು.

ಭಾವ ಕೇಳಿ ಹೊಟ್ಟೆ ಹಿಡಿದು ನಕ್ಕರು. ‘ಬೆರಳು ಆಡಿಸಿದ್ರೆ ಗುಣ ಆಗುದಾದ್ರೆ ಸಿಗ್ನಲಿನಲ್ಲಿ ಪೊಲೀಸನ ಎದುರು ನಿಂತ್ಕೋ ಮಾರಾಯ!’ ನಗು ಮುಗಿದ ಮೇಲೆ ಗಂಭೀರವಾಗಿ ಹೇಳಿದರು, ಚೌತಿಯೊಳಗೆ ನಾನು ಒಲೆಗೆ ಬಾರದಿದ್ದರೆ ಬೇರೆಯವರನ್ನು ಇಡುತ್ತಾರಂತೆ. ಅಕ್ಕ ಪಕ್ಕದಲ್ಲೇ ಇದ್ದಳು. ‘ಅವರಿಗೆ ಎದುರು ಮಾತಾಡ್ಬೇಡ’ ಅಂತ ಕಣ್ಣಿನಲ್ಲೇ ಹೇಳಿದಳು.

ಮೊದಮೊದಲು ಅಲ್ಲಿ ಎಂತದೂ ಆಗಲಿಲ್ಲ. ಆಗುವುದಾದರೂ ಹೇಗೆ? ಡಾಕ್ಟರಮ್ಮ ‘ಏನು ಬಂತು?’ ಅಂದರೆ ನಾನು ‘ಚೆನ್ನಾಗುಂಟು ಮೇಡಂ’. ಮಾರ್ಕು ಕೇಳಿದರೆ ‘ಎರಡು’. ಪಾಪ, ಅಷ್ಟು ಹೊತ್ತು ಕೈ ಆಡಿಸಿದ್ದಾರೆ, ಬೇಜಾರು ಮಾಡುವುದು ಯಾಕೆ ಅಂತ. ಅವರು ಒಂದು ದಿನ ಬೆರಳು ಇಳಿಸಿದರು. ‘ಬಾಯಿಯಲ್ಲಿ ಎರಡು ಅಂತೀರಿ, ಮುಷ್ಟಿ ನೋಡಿದರೆ ಬೆರಳು ಬೆಳ್ಳಗಾಗಿದೆ. ನೀವು ನನ್ನನ್ನು ಗಿರಾಕಿಯ ಹಾಗೆ ನೋಡಿಕೊಳ್ತಾ ಇದ್ದೀರಿ. ನಾನು ಇಲ್ಲಿ ಊಟಕ್ಕೆ ಬಂದಿಲ್ಲ’ ಅಂದರು.

ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಮತ್ತೆ ಬೆರಳು ಓಡಿತು. ಬೆಂಕಿ ಬಂತು, ತೋಳು ಬಂತು, ಹಲಗೆ ಬಂತು. ಈ ಸಲ ಹಲಗೆಯ ಹತ್ತಿರ ನಾನು ಮುಖ ತಿರುಗಿಸಲಿಲ್ಲ. ಹಲಗೆ ಎಳೆದ ಕೈ ಕಂಡಿತು, ಕೈಯ ಉಂಗುರ ಕಂಡಿತು. ಹೊಸದಾಗಿ ನೆನಪಾದದ್ದಲ್ಲ, ಎಲ್ಲ ಗೊತ್ತಿದ್ದದ್ದೇ. ಗೊತ್ತಿದ್ದೂ ಇಷ್ಟು ದಿನ ಬಾಯಿ ಬಿಡದೆ ನುಂಗಿಕೊಂಡದ್ದು. ‘ಏನು ಬಂತು?’ ಅಂದರು. ‘ಸಿಟ್ಟು!’ ಅಂದೆ. ಹಿಂದಿ ಸಾಲಲಿಲ್ಲ, ಕನ್ನಡಕ್ಕೆ ಬಂದೆ, ಅದೂ ಸಾಲದೆ ತುಳುವಿನಲ್ಲಿ ಬಾಯಿಗೆ ಬಂದದ್ದೆಲ್ಲ ಬೈದೆ. ನಾನು ಬೆಂದರೂ ಅಡ್ಡಿಯಿಲ್ಲ, ಗಿರಾಕಿಗಳ ಊಟ ಕೆಡಬಾರದು! ನಾನು ಸುಟ್ಟುಹೋದರೂ ಹಾಲಿನಲ್ಲಿ ಯಾರೂ ತಟ್ಟೆಯಿಂದ ತಲೆ ಎತ್ತಬಾರದು! ಡಾಕ್ಟರಮ್ಮನಿಗೆ ಒಂದು ಶಬ್ದವೂ ಅರ್ಥವಾಗಿರಲಿಕ್ಕಿಲ್ಲ. ಬೇಡ ಅನ್ನಲಿಲ್ಲ, ‘ಅದರ ಜೊತೆಗೇ ಇರಿ’ ಅಂತ ಹೇಳಿ ಮತ್ತೆ ಬೆರಳು ಎತ್ತಿದರು. ಅವತ್ತು ಮಾರ್ಕು ಕೇಳಿದಾಗ ಮೊದಲ ಸಲ ನಿಜ ಹೇಳಿದೆ. ಒಂಬತ್ತು.

ಆಮೇಲೆ ಅದು ನಿಧಾನಕ್ಕೆ ಇಳಿಯಿತು. ಲಿಫ್ಟಿನಲ್ಲಿ ಹೋಗುವಷ್ಟಾದೆ. ಗಾಬರಿ ಇಳಿಯಿತು ಅಂತ ಸಿಟ್ಟು ಇಳಿಯಲಿಲ್ಲ. ಇಳಿಯುವುದೂ ಬೇಡ ಅಂತ ಬಿಟ್ಟೆ.

ಚೌತಿಗೆ ಮುಂಚೆ ಒಂದು ಮಧ್ಯಾಹ್ನ ಹೋಟೆಲಿಗೆ ಹೋದೆ. ಹಾಲ್ ತುಂಬ ಗಿರಾಕಿಗಳು. ಭಾವ ಗಲ್ಲಾದಲ್ಲಿದ್ದರು. ‘ಗುಣ ಆಯ್ತಾ? ನಾಳೆಯಿಂದ ಬರ್ತೀಯಾ?’ ಅಂದರು. ನಾನು ಸೀದಾ ಕಿಟಕಿಯ ಹತ್ತಿರ ಹೋಗಿ ನಿಂತೆ.

‘ಬರ್ತೇನೆ ಭಾವ. ನೀವು ಈ ಹಲಗೆ ಕಳಚಿ ಹಾಕಿದ್ರೆ ನಾಳೆಯೇ ಒಲೆ ಹಚ್ತೇನೆ.’

‘ಅದೆಂತ ಹೊಸ ಪಂಚಾಯ್ತಿ?’

‘ನನಗೆ ಬೆಂಕಿ ಹಿಡಿದಿದ್ದಾಗ ನೀವು ಇದನ್ನು ಮುಚ್ಚಿದ್ರಿ ಭಾವ. ನನ್ನ ಮುಖ ನೋಡಿ ಮುಚ್ಚಿದ್ರಿ.’

ನನ್ನ ಸ್ವರ ದೊಡ್ಡದಾಗಿತ್ತು. ಹಾಲಿನಲ್ಲಿ ಕನ್ನಡ ಬರುವವರೂ ಬಾರದವರೂ ತಟ್ಟೆಯಿಂದ ತಲೆ ಎತ್ತಿದರು. ಒಳಗೆ ದೋಸೆ ಹೊಯ್ಯುತ್ತಿದ್ದವನ ಕೈ ನಿಂತಿತು. ಭಾವ ಎದ್ದು ದಡಬಡ ಬಂದರು. ‘ಮೆಲ್ಲ ಮಾರಾಯ, ಗಿರಾಕಿಗಳಿದ್ದಾರೆ’ ಅಂದರು. ಹಾಗೆ ಹೇಳುತ್ತಲೇ ಹಲಗೆಗೆ ಕೈ ಹಾಕಿದರು.

ನಾನು ಸುಟ್ಟ ಕೈಯನ್ನು ಹಲಗೆ ಓಡುವ ದಾರಿಯಲ್ಲಿ ಇಟ್ಟೆ.

‘ಈಗ ಮುಚ್ಚಿ’ ಅಂದೆ.